ತಳೇಗಾಂವ್ ಮನೆಗೆ ಪಶ್ಚಿಮಕ್ಕೆ ಪೂರ್ತಿ ಗಾಜು: ಮಾಡಿಸಬಹುದಾ?

ಧಾರವಾಡ_ಪುಣೆ:

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು, ಪುಣೆಯಲ್ಲೇ ನೆಲೆಸಿದ್ದೇವೆ. ತಳೇಗಾಂವ್ ಹತ್ತಿರ ಒಂದು ಪ್ಲಾಟ್ ಇದೆ. ಮಳೆಗಾಲ ಮುಗಿದ ಮೇಲೆ ಮನೆ ಕೆಲಸ ಶುರು ಮಾಡಬೇಕು. ನಕ್ಷೆ ಹೆಚ್ಚುಕಡಿಮೆ ಆಗಿದೆ. ಜಗಳ ಉಳಿದಿರುವುದು ಗಾಜಿನ ವಿಷಯಕ್ಕೆ ಮಾತ್ರ.

ಪ್ಲಾಟಿನ ಪಶ್ಚಿಮಕ್ಕೆ ಗುಡ್ಡಗಳ ಸಾಲು ಕಾಣುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅದಕ್ಕೇ ಆರ್ಕಿಟೆಕ್ಟ್ ಹಾಲ್‌ನ ಆ ಕಡೆ ಗೋಡೆಯನ್ನೇ ತೆಗೆದು 12 ಅಡಿ ಅಗಲ, 8 ಅಡಿ ಎತ್ತರದ ಗಾಜು ತೋರಿಸಿದ್ದಾರೆ. ಮೇಲೆ 2 ಅಡಿ ಸಜ್ಜಾ. ಮೆಟ್ಟಿಲಿನ ಮೇಲಕ್ಕೆ 5 ಅಡಿ ಚೌಕದ ಗಾಜಿನ ಸ್ಕೈಲೈಟ್ ಬೇರೆ. ಬಿಸಿಲಿನ ಬಗ್ಗೆ ಕೇಳಿದರೆ ಡಬಲ್ ಗ್ಲಾಸ್ ಹಾಕುತ್ತೇವೆ, ಚಿಂತೆ ಬಿಡಿ ಅನ್ನುತ್ತಾರೆ. ನಮ್ಮ ಯಜಮಾನರಿಗೆ ತುಂಬಾ ಹಿಡಿಸಿದೆ. ಅತ್ತೆ ನಕ್ಷೆ ನೋಡಿ "ಬೆಳಕಿಂಡಿ ಒಂದ್ ಬಿಟ್ಟಿದ್ರ ಸಾಕಿತ್ತು, ಗೋಡೀನ ಇಲ್ಲದಂಗ ಮಾಡ್ಯಾರಲ್ಲ" ಅಂದರು. ನನಗೆ ಬೆಳಕೂ ಬೇಕು, ಗುಡ್ಡವೂ ಕಾಣಬೇಕು, ಏಪ್ರಿಲ್‌ನಲ್ಲಿ ಹಾಲ್‌ನಲ್ಲಿ ಕೂರುವುದಕ್ಕೂ ಆಗಬೇಕು. ಡಬಲ್ ಗ್ಲಾಸ್ ಹಾಕಿದರೆ ನಿಜವಾಗಲೂ ಸಾಕಾಗುತ್ತದಾ?

ಕೊತ್ರೂಡ್_ನಕ್ಷೆ:

ಮೇಡಂ, ನಾನೂ ಇದೇ ಕಸುಬಿನವನು, ಹಾಗಾಗಿ ನಿಮ್ಮ ಆರ್ಕಿಟೆಕ್ಟ್ ಬಗ್ಗೆ ಏನೂ ಹೇಳುವುದಿಲ್ಲ. ಡಬಲ್ ಗ್ಲಾಸ್ ಬಗ್ಗೆ ಹೇಳುತ್ತೇನೆ.

ಎರಡು ಗಾಜಿನ ನಡುವೆ ಗಾಳಿಯ ಪದರ ಇದ್ದರೆ ಹೊರಗಿನ ಗಾಳಿಯ ಕಾವು ಒಳಗೆ ದಾಟುವುದು ಕಡಿಮೆಯಾಗುತ್ತದೆ. ಹೀಗೆ ಕಾವು ದಾಟುವುದರ ಅಳತೆಗೆ ಯು-ವ್ಯಾಲ್ಯೂ ಅನ್ನುತ್ತೇವೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂಟಿ ಗಾಜಿಗೆ ಅದು 5.7ರ ಆಸುಪಾಸು, ಡಬಲ್‌ಗೆ 2.8ರ ಹತ್ತಿರ. ಆದರೆ ನಿಮ್ಮ ತೊಂದರೆ ಹೊರಗಿನ ಗಾಳಿಯಲ್ಲ, ಗಾಜಿನ ಮೇಲೆ ನೇರವಾಗಿ ಬೀಳುವ ಬಿಸಿಲು. ತಿಳಿ ಗಾಜು ಒಂಟಿ ಇದ್ದರೆ ಆ ಶಾಖದಲ್ಲಿ ಶೇ. 80ರಷ್ಟು ಒಳಗೆ ಬರುತ್ತದೆ, ಡಬಲ್ ಇದ್ದರೆ ಶೇ. 70ರಷ್ಟು. ದುಡ್ಡು ದುಪ್ಪಟ್ಟು, ಲಾಭ ಇಷ್ಟೇ.

ಸಣ್ಣ ಲೆಕ್ಕ ಹಾಕೋಣ. ನಿಮ್ಮ ಗಾಜು ಹತ್ತಿರ ಹತ್ತಿರ 9 ಚದರ ಮೀಟರ್. ಬೇಸಿಗೆಯ ಸಂಜೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ 500 ವ್ಯಾಟ್ ಬಿಸಿಲು ಅಂತ ಕಡಿಮೆಯೇ ಹಿಡಿಯಿರಿ. ಒಂಟಿ ಗಾಜಾದರೆ ಒಳಗೆ ಬರುವುದು ಮೂರೂವರೆ ಕಿಲೋವ್ಯಾಟ್. ಒಂದು ಟನ್ ಎಸಿ ಹೊರಹಾಕುವ ಶಾಖ ಅಷ್ಟೇ. ಅಂದರೆ ಗುಡ್ಡ ನೋಡುವುದಕ್ಕೆಂದೇ ಒಂದು ಎಸಿ, ಮನೆ ತಂಪು ಮಾಡುವುದಕ್ಕೆ ಇನ್ನೊಂದು.

ಇನ್ನು 2 ಅಡಿ ಸಜ್ಜಾ. ಏಪ್ರಿಲ್ ಸಂಜೆ 5ಕ್ಕೆ ಪುಣೆಯಲ್ಲಿ ಸೂರ್ಯ ದಿಗಂತದಿಂದ ಸುಮಾರು 25 ಡಿಗ್ರಿ ಮೇಲಿರುತ್ತಾನೆ. ಆ ಕೋನಕ್ಕೆ ಈ ಸಜ್ಜಾ ಒಂದು ಅಡಿಯಷ್ಟು ನೆರಳು ಕೊಡುತ್ತದೆ, ಕೆಳಗಿನ 7 ಅಡಿ ಗಾಜು ಬಿಸಿಲಿಗೇ. ಇದೇ ಸಜ್ಜಾ ದಕ್ಷಿಣಕ್ಕಿದ್ದರೆ ಏಪ್ರಿಲ್ ಮಧ್ಯಾಹ್ನ ಪೂರ್ತಿ ಕಿಟಕಿಗೆ ನೆರಳಾಗುತ್ತಿತ್ತು, ಯಾಕೆಂದರೆ ಆಗ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಪಶ್ಚಿಮಕ್ಕೆ ಬೇಕಾದದ್ದು ಸಜ್ಜಾ ಅಲ್ಲ, ಪಡಸಾಲೆ. 8 ಅಡಿ ಆಳದ ಪಡಸಾಲೆ ಮಾಡಿದರೆ ಅದೇ ಹೊತ್ತಿಗೆ ಅರ್ಧ ಗಾಜು ನೆರಳಿಗೆ ಬರುತ್ತದೆ, ಉಳಿದ ಅರ್ಧಕ್ಕೆ ಪಡಸಾಲೆಯ ಅಂಚಿನಲ್ಲಿ ಬಿದಿರಿನ ಚಿಕ್ (ಸುತ್ತಿ ಮೇಲೆತ್ತುವ ಪರದೆ) ಇಳಿಬಿಡಿ. ಹೊರಗೇ ಇಳಿಬಿಡಿ, ಒಳಗಲ್ಲ. ಒಳಗಿನ ಪರದೆ ಕಣ್ಣಿಗೆ ನೆರಳು ಕೊಡುತ್ತದೆ, ಅಷ್ಟರಲ್ಲಿ ಶಾಖ ಮನೆಯೊಳಗೆ ಬಂದಾಗಿರುತ್ತದೆ.

ಸ್ಕೈಲೈಟ್ ನನಗೆ ಇನ್ನೂ ಕಡಿಮೆ ಇಷ್ಟ. ಪುಣೆಯಲ್ಲಿ ಮೇ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಗೆ ಒಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಡ್ಡಡ್ಡ ಮಲಗಿಸಿದ ಗಾಜಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಮೆಟ್ಟಿಲಿನ ಸ್ಲ್ಯಾಬನ್ನು 3 ಅಡಿ ಎತ್ತರಿಸಿ ಉತ್ತರಕ್ಕೆ ನಿಂತ ಗಾಜು ಕೊಡಿಸಿ. ನಿಮ್ಮ ಅತ್ತೆ ಹೇಳಿದ ಬೆಳಕಿಂಡಿಯೂ ಇದೇ ತತ್ವ, ಸಣ್ಣ ತೆರಪು, ಬಿಳಿ ಗೋಡೆ. ಬಿಸಿಲಲ್ಲಿ ಹೊರಗೆ ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತದೆ, ಕೂತು ಓದುವುದಕ್ಕೆ 300 ಸಾಕು. ನಮ್ಮ ಕಡೆ ಬೆಳಕಿಗೆ ಬರ ಇಲ್ಲ ಮೇಡಂ, ನೆರಳಿಗೆ ಇದೆ. ಗಾಜಿನ ದುಡ್ಡಿನಲ್ಲಿ ಅರ್ಧ ಪಡಸಾಲೆಗೆ ಹಾಕಿ.

ಎಸಿ_ಪ್ರಿಯ:

ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಸೋಲಾರ್ ಹಾಕಿಸಿ, ಎರಡು ಟನ್ ಎಸಿ ಹಾಕಿಸಿ, ಗುಡ್ಡ ನೋಡಿ. ಜೀವನ ಇರುವುದೇ ಒಂದು.

ಮಾಟುಂಗಾ_ಮಾಮ:

ಸೋಲಾರ್ ದುಡಿಯುವುದು ಮಧ್ಯಾಹ್ನ, ಪಶ್ಚಿಮದ ಕೋಣೆ ಕಾಯುವುದು ಸಂಜೆ. ಬಿಲ್ ಹೊಂದಿಸಬಹುದು, ಬೆವರು ಹೊಂದಿಸುವುದು ಕಷ್ಟ. ಗಾಜಿನ ಪಕ್ಕ ಕೂತವರ ಮೈಗೆ ನೇರ ಬಿಸಿಲು ಹೊಡೆಯುತ್ತಿದ್ದರೆ ಎಸಿ ಎಷ್ಟಿದ್ದರೂ ಉರಿ ಉರಿಯೇ.

ಮುಂಬೈಯವರಿಗೆ ಈ ತಲೆನೋವು ಹಳೆಯದು. ಇಲ್ಲಿ ಸಮುದ್ರ ಪಶ್ಚಿಮಕ್ಕೆ, ಗಾಳಿ ಪಶ್ಚಿಮದಿಂದ, ಸಂಜೆ ಬಿಸಿಲು ಪಶ್ಚಿಮದಿಂದ, ಜೂನ್‌ನ ಮಳೆಯ ಹೊಡೆತವೂ ಆ ಕಡೆಯಿಂದಲೇ. ಬೇಕಾದದ್ದು, ಬೇಡವಾದದ್ದು ಎರಡೂ ಒಂದೇ ದಿಕ್ಕು. ಕಂಬಾಲಾ ಹಿಲ್‌ನಲ್ಲಿರುವ ಕಾಂಚನಜುಂಗಾ ಕಟ್ಟಡವನ್ನು ಒಮ್ಮೆ ಕೆಳಗೆ ನಿಂತು ನೋಡಿ. ಚಾರ್ಲ್ಸ್ ಕೊರಿಯಾ ಮಾಡಿದ್ದು, 1983ರಲ್ಲಿ ಮುಗಿದದ್ದು. ಮೂಲೆಗಳಲ್ಲಿ ಎರಡು ಮಹಡಿ ಎತ್ತರದ ದೊಡ್ಡ ಟೆರೇಸ್ ಕೊರೆದು, ಕೋಣೆಗಳನ್ನು ಅದರ ಹಿಂದೆ ನೆರಳಿಗೆ ಸರಿಸಿದ್ದಾರೆ. ಹಳೆ ಬಂಗಲೆಗಳ ವರಾಂಡಾವನ್ನೇ ಗಗನಚುಂಬಿಗೆ ಹತ್ತಿಸಿದಂತೆ. ಅದಾದ ಮೇಲೆ ಬಂದ ಎಷ್ಟೋ ಟವರ್‌ಗಳಿಗೆ ಅಷ್ಟು ನೆರಳೂ ಇಲ್ಲ. ಸುಮ್ನೆ ಗಾಜು ಸುತ್ತಿ ಬಿಟ್ಟಿದ್ದಾರೆ.

ಇನ್ನೊಂದು. ಆಮೇಲೆ ಬೇಕಾದರೆ ಸನ್ ಫಿಲ್ಮ್ ಅಂಟಿಸೋಣ ಅಂತ ಯಾರಾದರೂ ಹೇಳಿದರೆ ಹುಷಾರು. ನಮ್ಮ ಪಕ್ಕದ ಬಿಲ್ಡಿಂಗ್‌ನಲ್ಲಿ ಸಾದಾ ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಿದರು. ಬಿಸಿಲಿಗೆ ಗಾಜಿನ ನಡುಭಾಗ ಕಾಯುತ್ತದೆ, ಫ್ರೇಮ್ ಒಳಗಿರುವ ಅಂಚು ತಣ್ಣಗೇ ಇರುತ್ತದೆ, ಆ ಎಳೆದಾಟಕ್ಕೆ ಅಂಚಿನಿಂದ ಬಿರುಕು ಬಿಟ್ಟಿತು. ಡಬಲ್ ಗ್ಲಾಸ್‌ಗಾದರೆ ಆ ಭಯ ಇನ್ನೂ ಜಾಸ್ತಿ. ರಾತ್ರಿ ದೀಪ ಹಾಕಿದರೆ ಹೊರಗಿನವರಿಗೆ ನಿಮ್ಮ ಹಾಲ್ ಪೂರ್ತಿ ಕಾಣುತ್ತದೆ, ಕನ್ನಡಿ ಫಿಲ್ಮ್ ಇದ್ದರೂ ಅಷ್ಟೇ. ಪರದೆ ಬೇಕೇ ಬೇಕು.

ಪರ್ವರಿ_ಮನೆ:

ಗೋವಾದಿಂದ ಒಂದೆರಡು ಮಾತು. ಇಲ್ಲಿನ ಹಳೆ ಮನೆಗಳ ಕಿಟಕಿಗೆ ಗಾಜಿನ ಬದಲು ಚಿಪ್ಪು ಇರುತ್ತಿತ್ತು. ಒಂದು ಜಾತಿಯ ಚಪ್ಪಟೆ ಕಡಲ ಚಿಪ್ಪನ್ನು ಚೌಕವಾಗಿ ಕತ್ತರಿಸಿ ಮರದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಆಚೆಯದು ಕಾಣುವುದಿಲ್ಲ, ಆದರೆ ಕೋಣೆಗೆ ಹಾಲಿನಂಥ ಬೆಳಕು, ಕಣ್ಣಿಗೆ ಚುಚ್ಚುವುದಿಲ್ಲ. ಈಗ ಅದನ್ನೇ ಮಾಡಿಸಿ ಅನ್ನುತ್ತಿಲ್ಲ. ಗುಡ್ಡ ಕಾಣುವುದಕ್ಕೆ ಕಣ್ಣಿನ ಎತ್ತರದ ಗಾಜು ತಿಳಿಯಾಗಿದ್ದರೆ ಸಾಕಲ್ವಾ? ಅದರ ಮೇಲಿನ ಎರಡು ಅಡಿಗೆ ಮಬ್ಬು ಗಾಜು ಹಾಕಿದರೆ ಕಣ್ಣು ಕೋರೈಸುವುದು ಕಡಿಮೆಯಾಗುತ್ತದೆ.

ನಾನು ಜಾಸ್ತಿ ಹೇಳಬೇಕಿರುವುದು ತೆರೆಯುವ ಭಾಗದ ಬಗ್ಗೆ. ದೊಡ್ಡ ಗಾಜು ಅಂದಕೂಡಲೇ ಅರ್ಧಕ್ಕೂ ಹೆಚ್ಚು ಭಾಗ ತೆರೆಯಲಾಗದ ಹಾಗೆ ಫಿಕ್ಸೆಡ್ ಮಾಡಿಬಿಡುತ್ತಾರೆ. ಜುಲೈನಲ್ಲಿ ಗಾಳಿ ಆಡದ ಮನೆಯಲ್ಲಿ ಬೀರುವಿನ ಬಟ್ಟೆಗೂ ಬೂಸು. ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯಲ್ಲಿ (ಮನೆಗಳಲ್ಲಿ ಇಂಧನ ಉಳಿಸುವ ನಿಯಮಾವಳಿ), ನಮ್ಮಂಥ ಸೆಕೆಯ, ತೇವದ ಕಡೆಗೆ ತೆರೆಯುವ ಕಿಟಕಿ ನೆಲದ ವಿಸ್ತೀರ್ಣದ ಆರನೇ ಒಂದು ಭಾಗವಾದರೂ ಇರಬೇಕು ಅಂತಿದೆ. ಗಾಜಿನ ಒಟ್ಟು ಅಳತೆ ಅಲ್ಲ, ತೆರೆಯುವಷ್ಟು ಭಾಗ. ತಳೇಗಾಂವ್ ಇಷ್ಟು ತೇವ ಇಲ್ಲ, ಆದರೂ ನಕ್ಷೆಯಲ್ಲಿ ಇದನ್ನು ಕೇಳಿ. ಸ್ಲೈಡಿಂಗ್ ಆದರೆ ಒಮ್ಮೆಗೆ ಅರ್ಧ ಮಾತ್ರ ತೆರೆಯುತ್ತದೆ ಅನ್ನುವುದೂ ನೆನಪಿರಲಿ.

ಗಾಜು_ವಿಜಾಪುರ:

ಅಕ್ಕಾ, ನಾನು ವಿಜಾಪುರದವನು, ಚಿಂಚವಾಡದಲ್ಲಿ ಅಲ್ಯೂಮಿನಿಯಂ, ಗಾಜಿನ ಕೆಲಸ ಮಾಡುತ್ತೇನೆ. ಡಬಲ್ ಗ್ಲಾಸ್ ಬಗ್ಗೆ ಕೊತ್ರೂಡ್ ಸರ್ ಹೇಳಿದ್ದು ಸರಿ, ಆದರೆ ಗಾಜಿನಲ್ಲೂ ಫರಕು ಇದೆ. ಅಂಗಡಿಯಲ್ಲಿ ಬರೀ ಡಬಲ್ ಅಂತ ಕೇಳಬೇಡಿ. ಬಿಸಿಲಿನ ಶಾಖ ಎಷ್ಟು ಒಳಗೆ ಬಿಡುತ್ತದೆ, ಬೆಳಕು ಎಷ್ಟು ಬಿಡುತ್ತದೆ, ಎರಡೂ ನಂಬರ್ ಬರೆದುಕೊಡಿ ಅನ್ನಿ. ಒಳ್ಳೆ ಲೋ-ಇ ಲೇಪದ (ಶಾಖ ತಡೆಯುವ ತೀರಾ ತೆಳು ಲೇಪ) ಡಬಲ್ ಗ್ಲಾಸ್ ಶಾಖ ಶೇ. 30ರಷ್ಟು ಬಿಟ್ಟರೂ ಬೆಳಕು ಶೇ. 50ರವರೆಗೆ ಬಿಡುತ್ತದೆ. ಅಗ್ಗ ಅಂತ ಕಂದು ಬಣ್ಣದ ಗಾಜು ಹಾಕಿದರೆ ಬೆಳಕು ಹೋಗುತ್ತದೆ, ಗಾಜು ತಾನೇ ಕಾದು ಒಳಗೆ ಕಾವು ಬೀರುತ್ತದೆ.

ಸೀಲ್ ಮಾಡುವುದು ಫ್ಯಾಕ್ಟರಿಯಲ್ಲೇ ಆಗಬೇಕು. ಸೈಟಿನಲ್ಲಿ ಎರಡು ಗಾಜು ಜೋಡಿಸಿ ಸಿಲಿಕೋನ್ ಹಚ್ಚಿಕೊಟ್ಟರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಡುವೆ ಮಂಜು ಕಟ್ಟಬಹುದು, ಅದನ್ನು ಒರೆಸುವುದಕ್ಕೆ ಆಗುವುದಿಲ್ಲ. ತಲೆ ಮೇಲೆ ಬರುವ ಗಾಜು ಯಾವುದೇ ಇರಲಿ, ಲ್ಯಾಮಿನೇಟೆಡ್ ಇರಬೇಕು, ನಾವು ಸ್ಯಾಂಡ್‌ವಿಚ್ ಅನ್ನುತ್ತೇವೆ. ಒಡೆದರೂ ನಡುವಿನ ಪದರಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಟಫನ್ಡ್ ಗಾಜು, ಅಂದರೆ ಕಾಯಿಸಿ ತಟ್ಟನೆ ತಣಿಸಿದ್ದು, ಗಟ್ಟಿ, ಆದರೆ ಅಪರೂಪಕ್ಕೆ ಯಾರೂ ಮುಟ್ಟದೆಯೂ ಸಿಡಿಯುತ್ತದೆ, ಒಳಗೆ ಸೇರಿದ ನಿಕೆಲ್ ಸಲ್ಫೈಡ್ ಕಣದಿಂದ. ಹಾಲ್‌ನ ನೆಲದವರೆಗಿನ ಗಾಜಿಗೆ ಅದು ನಡೆಯುತ್ತದೆ, ಸೂರಿಗೆ ಬೇಡ.

ಧಾರವಾಡ_ಪುಣೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಕೈಲೈಟ್ ಬಿಟ್ಟೆವು, ಉತ್ತರಕ್ಕೆ ನಿಂತ ಗಾಜು ಅಂತ ಹೇಳಿಯಾಯಿತು. ಪಡಸಾಲೆ ಮಾಡಿದರೆ ಹಾಲ್ ಕತ್ತಲಾಗುತ್ತದೆ ಅನ್ನುವುದು ಯಜಮಾನರ ವಾದ. ಹಾಲ್ 18 ಅಡಿ ಆಳ ಇದೆ. ಅತ್ತೆಗೆ ಮಾತ್ರ ಪಡಸಾಲೆ ಅಂದಕೂಡಲೇ ಖುಷಿ.

ಕೊತ್ರೂಡ್_ನಕ್ಷೆ:

ಕಿಟಕಿಯ ಮೇಲಂಚು ಎಷ್ಟು ಎತ್ತರವೋ ಅದರ ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಬೆಳಕು ಚೆನ್ನಾಗಿ ಹೋಗುತ್ತದೆ ಅನ್ನುವುದು ನಮ್ಮಲ್ಲಿ ಬಳಕೆಯ ಲೆಕ್ಕ. 8 ಅಡಿಗೆ 16ರಿಂದ 20. ಮುಂದೆ ಪಡಸಾಲೆ ಬಂದರೆ ಇದು ಕಡಿಮೆಯಾಗುತ್ತದೆ, ಯಜಮಾನರ ಮಾತು ಸುಳ್ಳಲ್ಲ. ಅದಕ್ಕೆ ಹಾಲ್‌ನ ಉತ್ತರದ ಗೋಡೆಯಲ್ಲಿ ಕಿರಿದಾದ, ಎತ್ತರದ ಎರಡು ಕಿಟಕಿ ಕೊಡಿ, ಸೀಲಿಂಗ್‌ವರೆಗೂ ಏರಲಿ. ಅಗಲ ಹೆಚ್ಚಿಸಿದರೆ ಪ್ರಯೋಜನ ಕಡಿಮೆ, ಎತ್ತರ ಹೆಚ್ಚಿಸಿ. ಪಡಸಾಲೆಯ ನೆಲಕ್ಕೆ ತಿಳಿ ಬಣ್ಣದ ಕಲ್ಲು, ಅದರ ಸೂರಿಗೆ ಬಿಳಿ ಸುಣ್ಣ. ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಉತ್ತರಕ್ಕೂ ಸ್ವಲ್ಪ ಓರೆ ಬಿಸಿಲು ಬರುತ್ತದೆ, ಕಿಟಕಿಯ ಎರಡೂ ಪಕ್ಕ ಹೊರಕ್ಕೆ ಚಾಚಿದ ಒಂದೂವರೆ ಅಡಿ ರೆಕ್ಕೆಗೋಡೆ ಇಟ್ಟರೆ ತಡೆಯಬಹುದು.

ಗಾಜು_ವಿಜಾಪುರ:

ಅಕ್ಕಾ, ಕಿಟಕಿ ಅಳತೆಯನ್ನು ನಕ್ಷೆ ನೋಡಿ ಆರ್ಡರ್ ಮಾಡಬೇಡಿ. ಪ್ಲಾಸ್ಟರ್ ಆಗಿ, ಗ್ರಾನೈಟ್ ಪಟ್ಟಿ ಕೂತ ಮೇಲೆ ಫ್ಯಾಬ್ರಿಕೇಟರ್ ಬಂದು ಅಳೆಯಲಿ. ಟಫನ್ಡ್ ಆದ ಗಾಜನ್ನು ಆಮೇಲೆ ಕಾಲು ಇಂಚೂ ಕತ್ತರಿಸುವುದಕ್ಕೆ ಆಗುವುದಿಲ್ಲ. ಪಶ್ಚಿಮಕ್ಕೆ ಸ್ಲೈಡಿಂಗ್ ಇದ್ದರೆ ಕೆಳಗಿನ ಟ್ರ್ಯಾಕ್‌ನಿಂದ ನೀರು ಹೊರಗೆ ಹೋಗುವ ತೂತು ಬಿಟ್ಟಿದ್ದಾರಾ ನೋಡಿ, ಎಷ್ಟೋ ಕಡೆ ಕೆಲಸದವರು ಅದನ್ನೂ ಸಿಲಿಕೋನ್ ಹಾಕಿ ಮುಚ್ಚಿರುತ್ತಾರೆ.