ಪದಚರ್ಚೆ: 1867ರ ಬ್ರಿಟಿಷ್ ಮತದಾನ ಕಾಯಿದೆಯ ‘ಮ್ಯಾನ್’, ‘ಹೌಸ್‌ಹೋಲ್ಡರ್’, ‘ರೇಟ್’

ಪ್ರಶ್ನೆ

ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಚುನಾವಣಾ ಸುಧಾರಣೆಗಳ ಕುರಿತ ಪಠ್ಯವೊಂದು ಕನ್ನಡಕ್ಕೆ ಬರುತ್ತಿದೆ. 1867ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಮೂರನೆಯ ಕಲಮು ‘ಎವ್ರಿ ಮ್ಯಾನ್’ ಎಂದು ಶುರುವಾಗುತ್ತದೆ. ಕರಡಿನಲ್ಲಿ ‘ಪ್ರತಿಯೊಬ್ಬ ಪುರುಷನೂ’ ಎಂದಿದೆ. ‘ಹೌಸ್‌ಹೋಲ್ಡರ್’ಗೆ ‘ಗೃಹಸ್ಥ’, ‘ರೇಟ್’ಗೆ ‘ದರ’, ‘ಲಾಡ್ಜರ್’ಗೆ ‘ಬಾಡಿಗೆದಾರ’ ಎಂದು ಹಾಕಲಾಗಿದೆ. ‘ಕಾಂಪೌಂಡ್ ಹೌಸ್‌ಹೋಲ್ಡರ್’ ಹತ್ತಿರ ಬಂಡಿ ನಿಂತಿದೆ; ‘ಸಂಯುಕ್ತ ಗೃಹಸ್ಥ’ ಎಂದರೆ ಅವಿಭಕ್ತ ಕುಟುಂಬದ ಯಜಮಾನನಂತೆ ಕೇಳಿಸುತ್ತದೆ. ಬಲ್ಲವರು ತಿಳಿಸಬೇಕು.

ಉತ್ತರ

ಮೊದಲು ‘ದರ’ ತೆಗೆಯಿರಿ. ಇಲ್ಲಿ ರೇಟ್ ಎಂದರೆ ಮನೆ, ಅಂಗಡಿ, ಜಮೀನಿನ ಬಾಡಿಗೆ ಬೆಲೆಯನ್ನು ಅಂದಾಜು ಮಾಡಿ, ಪೌಂಡಿಗೆ ಇಷ್ಟು ಶಿಲಿಂಗ್, ಇಷ್ಟು ಪೆನ್ಸ್ ಎಂದು ಪ್ಯಾರಿಷ್ (ಊರಮಟ್ಟದ ಆಡಳಿತ ಘಟಕ) ಹಾಕುತ್ತಿದ್ದ ಸ್ಥಳೀಯ ತೆರಿಗೆ. ನಮ್ಮಲ್ಲಿ ಜನ ಇಂದಿಗೂ ಆಡುವ ‘ಮನೆ ಕಂದಾಯ’ ಅದಕ್ಕೆ ತೀರ ಹತ್ತಿರ. ‘ಪೂರ್ ರೇಟ್’ ಬಡವರ ಪೋಷಣೆಗೆಂದು ಎತ್ತುತ್ತಿದ್ದದ್ದು, ಆದ್ದರಿಂದ ‘ಬಡವರ ಕಂದಾಯ’ ಎನ್ನಬಹುದು. ಆದರೆ ಓದುಗರು ಅದನ್ನು ಬಡವರು ಕಟ್ಟುವ ಕಂದಾಯ ಎಂದು ತಿಳಿದಾರು. ಮೊದಲ ಸಲ ಬಂದಲ್ಲಿ ‘ಬಡವರ ಪೋಷಣೆಯ ಕಂದಾಯ’ ಎಂದು ಬಿಡಿಸಿ ಬರೆಯಿರಿ.

‘ಗೃಹಸ್ಥ’ವೂ ಆಗದು. ಆ ಪದದ ಬೆನ್ನಿಗೆ ಮದುವೆ, ಮಕ್ಕಳು, ಆಶ್ರಮಧರ್ಮ ಎಲ್ಲ ಬರುತ್ತವೆ. ಕಾಯಿದೆ ಮದುವೆಯನ್ನು ಕೇಳುವುದೇ ಇಲ್ಲ. ಅದು ಮುಖ್ಯವಾಗಿ ಕೇಳುವುದು ಇಷ್ಟು: ಪಟ್ಟಣ ಕ್ಷೇತ್ರದಲ್ಲಿ ವಾಸದ ಮನೆಯೊಂದರಲ್ಲಿ ಒಡೆಯನಾಗಿಯೋ ಬಾಡಿಗೆಗೋ ಇರಬೇಕು, ಜುಲೈ ಕೊನೆಯ ದಿನಕ್ಕೆ ಹನ್ನೆರಡು ತಿಂಗಳು ತುಂಬಿರಬೇಕು, ಬಡವರ ಕಂದಾಯದ ಪುಸ್ತಕದಲ್ಲಿ ಅವನ ಹೆಸರಿರಬೇಕು, ಜನವರಿ 5ರವರೆಗಿನ ಬಾಕಿಯನ್ನು ಜುಲೈ 20ರೊಳಗೆ ಕಟ್ಟಿರಬೇಕು. ಬ್ರಹ್ಮಚಾರಿ ಬಡಗಿಗೂ ಇದರಡಿ ಮತ ಸಿಗುತ್ತಿತ್ತು. ಅಪ್ಪನ ಮನೆಯಲ್ಲೇ ಇದ್ದ, ಹೆಂಡತಿ ಮಕ್ಕಳುಳ್ಳ ಮಗನಿಗೆ ಸಿಗುತ್ತಿರಲಿಲ್ಲ. ‘ಗೃಹಸ್ಥ’ ಎಂದರೆ ಅರ್ಥ ತಿರುಗುಮುರುಗು. ‘ಮನೆಗೆ ಒಕ್ಕಲು ಬಂದರು’ ಎಂಬಲ್ಲಿನ ‘ಒಕ್ಕಲು’ ನನಗೆ ಇಷ್ಟ, ಒಡೆಯ ಬಾಡಿಗೆಯವ ಇಬ್ಬರನ್ನೂ ಅದು ಹಿಡಿಯುತ್ತದೆ. ಬೇಸಾಯದ, ಜಾತಿಯ ವಾಸನೆ ಬರುತ್ತದೆ ಎನ್ನುವವರು ‘ಮನೆವಾಸಿ’ ಎನ್ನಲಿ. ‘ಹೌಸ್‌ಹೋಲ್ಡ್ ಸಫ್ರೇಜ್’ಗೆ ‘ಮನೆವಾರು ಮತಹಕ್ಕು’ ಸಾಕು.

ಇನ್ನು ಕಾಂಪೌಂಡ್. ಇದಕ್ಕೂ ಮನೆ ಸುತ್ತಲ ಗೋಡೆಗೂ ಸಂಬಂಧವಿಲ್ಲ, ಸಂಯುಕ್ತಕ್ಕೂ ಇಲ್ಲ. ಸಣ್ಣ ಮನೆಗಳ ಬಾಡಿಗೆದಾರರಿಂದ ಕಂದಾಯ ವಸೂಲಿ ಮಾಡುವುದು ಪ್ಯಾರಿಷ್‌ಗೆ ತಲೆನೋವು. ವಾರವಾರಕ್ಕೆ ಮನೆ ಬದಲಾಯಿಸುವವರು ಬೇರೆ. ಹಾಗಾಗಿ ಮಾಲೀಕನೇ ಎಲ್ಲ ಮನೆಗಳ ಕಂದಾಯವನ್ನು ಒಟ್ಟಿಗೆ ಕಟ್ಟಿದರೆ ಅವನಿಗೆ ರಿಯಾಯಿತಿ. ಆ ಹಣವನ್ನು ಅವನು ಬಾಡಿಗೆಯೊಳಗೇ ಸೇರಿಸಿ ವಸೂಲು ಮಾಡುತ್ತಿದ್ದ. 1850ರ ಸಣ್ಣ ಮನೆಗಳ ಕಾಯಿದೆ ಇದನ್ನು ಇನ್ನಷ್ಟು ಹರಡಿತು. ತೊಡಕು ಇದು: ಕಂದಾಯದ ಹೊರೆ ಬಾಡಿಗೆದಾರನ ಮೇಲೆ, ಪುಸ್ತಕದಲ್ಲಿ ಹೆಸರು ಮಾಲೀಕನದು. ಪುಸ್ತಕದಲ್ಲಿ ಹೆಸರಿರಬೇಕೆಂಬ ಕಲಮಿನ ಮೂರನೆಯ ಷರತ್ತಿಗೇ ಬಾಡಿಗೆದಾರ ಬಿದ್ದುಹೋದ. ‘ಬಾಡಿಗೆಯಲ್ಲೇ ಕಂದಾಯ ಸೇರಿದ ಮನೆವಾಸಿ’ ಎಂದು ಬರೆಯಿರಿ. ಉದ್ದವೇ ಸರಿ, ಆದರೆ ತಪ್ಪಿಲ್ಲ.

1867ರ ಮೇ ತಿಂಗಳಲ್ಲಿ ನ್ಯೂವರ್ಕ್ ಕ್ಷೇತ್ರದ ಸಂಸತ್ ಸದಸ್ಯ ಹಾಜ್‌ಕಿನ್‌ಸನ್ ಈ ಪದ್ಧತಿಯನ್ನೇ ಪಟ್ಟಣ ಕ್ಷೇತ್ರಗಳಲ್ಲಿ ರದ್ದು ಮಾಡುವ ತಿದ್ದುಪಡಿ ತಂದ, ಮಸೂದೆ ಮಂಡಿಸಿದ್ದ ಸಚಿವ ಡಿಸ್ರೇಲಿ ಒಪ್ಪಿಬಿಟ್ಟ. ಮತದಾರರ ಸಂಖ್ಯೆ ಏಕಾಏಕಿ ಉಬ್ಬಿದ್ದು ಇಲ್ಲಿಂದ, ‘ಎವ್ರಿ ಮ್ಯಾನ್’ ಎಂಬ ಘನವಾದ ಪದದಿಂದಲ್ಲ. ಆಮೇಲೆ ಆದ ಎಡವಟ್ಟೂ ಪಠ್ಯದಲ್ಲಿ ಬಂದೀತು: ಕಂದಾಯ ನೇರವಾಗಿ ಬಾಡಿಗೆದಾರನ ತಲೆಗೆ ಬಂತು, ಹಲವು ಮಾಲೀಕರು ಬಾಡಿಗೆ ಇಳಿಸಲೇ ಇಲ್ಲ, ಬಾಕಿಗಾಗಿ ಸಮನ್ಸು ಹೊರಟವು. 1869ರಲ್ಲಿ ಹಳೆಯ ಏರ್ಪಾಟನ್ನೇ ವಾಪಸು ತಂದರು, ಆದರೆ ಬಾಡಿಗೆದಾರನ ಮತ ಹೋಗದಂತೆ ಕಟ್ಟು ಹಾಕಿದರು.

ಲಾಡ್ಜರ್ ಬೇರೆ ಜಾತಿ. ಮನೆಯವರೂ ಅದೇ ಮನೆಯಲ್ಲಿರುತ್ತಾರೆ, ಇವನದು ಕೋಣೆ ಮಾತ್ರ. ‘ಕೋಣೆ ಬಾಡಿಗೆಯವ’ ಎನ್ನಿ. ಅವನಿಗೆ ಮತ ಸಿಗಲು ಪೀಠೋಪಕರಣ ಬಿಟ್ಟು ಕೋಣೆಗೆ ವರ್ಷಕ್ಕೆ 10 ಪೌಂಡ್ ಬೆಲೆ ಬಾಳಬೇಕು, ಜತೆಗೆ ಪ್ರತಿವರ್ಷ ತಾನೇ ಹೊಸದಾಗಿ ಹಕ್ಕು ಕೇಳಬೇಕು. ಮರೆತರೆ ಪಟ್ಟಿಯಿಂದ ಹೊರಗೆ.

ಮತ್ತೊಂದು ಉತ್ತರ

ಮೇಲಿನದಕ್ಕೆ ತಕರಾರಿಲ್ಲ. ‘ಮ್ಯಾನ್’ ಉಳಿದಿದೆ, ಗೋಜಲು ಇರುವುದೂ ಅಲ್ಲೇ. ‘ಪುರುಷ’ ಎಂದು ಬರೆದರೆ ಮುಂದಿನ ಅಧ್ಯಾಯವೇ ಅರ್ಥವಾಗದು.

ಇದಕ್ಕೂ ಹಿಂದಿನ, 1832ರ ಚುನಾವಣಾ ಸುಧಾರಣೆಯ ಕಾಯಿದೆಯಲ್ಲಿ ಇದ್ದದ್ದು ‘ಮೇಲ್ ಪರ್ಸನ್’. ಅದು ‘ಪುರುಷ ವ್ಯಕ್ತಿ’, ಅನುಮಾನವೇ ಇಲ್ಲ. 1850ರಲ್ಲಿ ಬ್ರೂಮ್ ಪ್ರಭುವಿನ ಹೆಸರಿನಲ್ಲಿ ಪ್ರಸಿದ್ಧವಾದ ಕಾಯಿದೆ ಬಂತು: ಶಾಸನಗಳಲ್ಲಿನ ಪುಲ್ಲಿಂಗ ಪದಗಳು, ಬೇರೆ ರೀತಿ ಸ್ಪಷ್ಟವಾಗಿ ಹೇಳದ ಹೊರತು, ಹೆಂಗಸರನ್ನೂ ಒಳಗೊಳ್ಳುತ್ತವೆ ಎಂದು. 1867ರಲ್ಲಿ ‘ಮೇಲ್’ ಬಿದ್ದು ಬರೀ ‘ಮ್ಯಾನ್’ ಉಳಿಯಿತು. ಅದೇ ಮೇ ತಿಂಗಳಲ್ಲಿ ತತ್ವಜ್ಞಾನಿ, ಸಂಸತ್ ಸದಸ್ಯ ಜಾನ್ ಸ್ಟುವರ್ಟ್ ಮಿಲ್ ಅದನ್ನೂ ತೆಗೆದು ‘ಪರ್ಸನ್’ ಹಾಕಿ ಎಂದ. ಪರವಾಗಿ 73 ಮತ ಮಾತ್ರ ಬಿದ್ದು ಸೋಲಾಯಿತು. ಆದರೂ ಮ್ಯಾಂಚೆಸ್ಟರಿನ ಐದು ಸಾವಿರಕ್ಕೂ ಹೆಚ್ಚು ಹೆಂಗಸರು ಮತದಾರರ ಪಟ್ಟಿಗೆ ಹಕ್ಕು ಕೇಳಿದರು. 1868ರ ನವೆಂಬರಿನಲ್ಲಿ ಚೋರ್ಲ್‌ಟನ್–ಲಿಂಗ್ಸ್ ಮೊಕದ್ದಮೆಯಲ್ಲಿ ಕಾಮನ್ ಪ್ಲೀಸ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಇಲ್ಲಿನ ‘ಮ್ಯಾನ್’ ಗಂಡಸೇ, ಅಲ್ಲದೆ ಹೆಂಗಸರು ‘ಕಾನೂನಿನ ಅನರ್ಹತೆ’ಗೆ ಒಳಪಟ್ಟವರು ಎಂದು. ಸಿಂಹಾಸನದ ಮೇಲಿದ್ದದ್ದು ಹೆಂಗಸು, ತೀರ್ಪು ಅವಳ ಹೆಸರಿನಲ್ಲಿ ನಡೆಯುವ ನ್ಯಾಯಾಲಯದ್ದು.

ಆದ್ದರಿಂದ ನಿಮಗೆ ಬೇಕಾದದ್ದು ಎರಡೂ ಕಡೆ ಎಳೆಯಬಹುದಾದ ಪದ. ‘ಮನುಷ್ಯ’ ಅಂಥದ್ದು. ‘ಮನುಷ್ಯನಿಗೆ ಮರಣ ತಪ್ಪಿದ್ದಲ್ಲ’ ಎಂದರೆ ಎಲ್ಲರೂ ಸೇರುತ್ತಾರೆ. ‘ಆ ಮನುಷ್ಯನಿಗೆ ಹೇಳಿ ಹೇಳಿ ಸಾಕಾಯ್ತು’ ಎಂದರೆ ಗಂಡಸು, ಬಹಳ ಸಲ ಗಂಡ. 1832ಕ್ಕೆ ‘ಪುರುಷ ವ್ಯಕ್ತಿ’, 1867ಕ್ಕೆ ‘ಮನುಷ್ಯ’, ಮಿಲ್ ಕೇಳಿದ್ದಕ್ಕೆ ‘ವ್ಯಕ್ತಿ’ ಎಂದು ಮೂರನ್ನೂ ಬೇರೆಬೇರೆ ಇಟ್ಟು ಕೊನೆಯವರೆಗೆ ಅದನ್ನೇ ಪಾಲಿಸಿ.

ಕ್ರಿಯಾಪದದಲ್ಲಿ ಗುಟ್ಟು ಬಿಟ್ಟುಕೊಡಬೇಡಿ. ‘ಅರ್ಹನಾಗಿರುತ್ತಾನೆ’ ಎಂದರೆ ತೀರ್ಪನ್ನು ನೀವೇ ಕೊಟ್ಟಂತೆ. ನಮ್ಮ ಕಾಯಿದೆ ಕನ್ನಡದ ‘ತಕ್ಕದ್ದು’ ಇಲ್ಲಿ ಉಪಯೋಗಕ್ಕೆ ಬರುತ್ತದೆ: ‘ಪ್ರತಿಯೊಬ್ಬ ಮನುಷ್ಯನಿಗೂ ಮತದಾರರ ಪಟ್ಟಿಯಲ್ಲಿ ನೋಂದಣಿಯಾಗುವ ಹಕ್ಕು ಇರತಕ್ಕದ್ದು’.

ಪಠ್ಯ 1869ರ ಪುರಸಭಾ ಮತದಾನ ಕಾಯಿದೆಗೂ ಬಂದರೆ ಎಚ್ಚರ. ಅಲ್ಲಿ ಪುಲ್ಲಿಂಗ ಪದಗಳು ಮತಹಕ್ಕಿನ ಮಟ್ಟಿಗೆ ಹೆಂಗಸರಿಗೂ ಅನ್ವಯ ಎಂದು ಬಾಯಿಬಿಟ್ಟು ಹೇಳಿದೆ. ಕಂದಾಯ ಕಟ್ಟುವ ಹೆಂಗಸರಿಗೆ ಪುರಸಭೆಯಲ್ಲಿ ಮತ ಸಿಕ್ಕಿತು. 1872ರಲ್ಲಿ ನ್ಯಾಯಾಲಯ ಮದುವೆಯಾದವರನ್ನು ಅದರಿಂದ ಹೊರಗಿಟ್ಟಿತು. ಹಾಗಾಗಿ ಆ ವರ್ಷದ ನಂತರದ ಪುಟಗಳಲ್ಲಿ ‘ಮಹಿಳಾ ಮತದಾರರು’ ಎಂದು ಬಂದಲ್ಲೆಲ್ಲ ಅವಿವಾಹಿತೆಯರು ಮತ್ತು ವಿಧವೆಯರು ಎಂದು ಒಮ್ಮೆಯಾದರೂ ಬಿಡಿಸಿ.