ಅಂಕಕ್ಕೆಂದು ಕೊಟ್ಟ ಆಬಲ್ಟನ್ ಫೈಲುಗಳನ್ನು ಪ್ರಾಜೆಕ್ಟಿಗೆ ಬಳಸಬಹುದೇ?

ಲಯಲೆಕ್ಕ
ಸಂಗೀತ ನಿರ್ಮಾಣದ ಡಿಪ್ಲೊಮಾ ಓದುವ 34 ಮಂದಿ ಕೊನೆಯ ಅಸೈನ್‌ಮೆಂಟಿಗೆ ಸಲ್ಲಿಸಿದ ಆಬಲ್ಟನ್ ಲೈವ್ (ಸಂಗೀತ ನಿರ್ಮಾಣದ ಸಾಫ್ಟ್‌ವೇರ್) ಪ್ರಾಜೆಕ್ಟ್ ಫೋಲ್ಡರುಗಳು ಡ್ರೈವ್‌ನಲ್ಲಿವೆ. ಪಾಠ ಮಾಡಿದ ಮೇಷ್ಟ್ರು "ಬೇಕಾದರೆ ತಗೊಳ್ಳಿ" ಅಂದಿದ್ದಾರೆ. ನನ್ನ ಎಂಸಿಎ ಪ್ರಾಜೆಕ್ಟಿಗೆ ನೋಡಬೇಕಾದದ್ದು ಎರಡೇ: ಹೊಸಬರು ಡ್ರಮ್ ನೋಟುಗಳನ್ನು ಎಷ್ಟು ಕ್ವಾಂಟೈಸ್ ಮಾಡುತ್ತಾರೆ (ಬೀಟಿನ ಗ್ರಿಡ್‌ಗೆ ಸರಿಯಾಗಿ ಕೂರಿಸುತ್ತಾರೆ), ವೆಲಾಸಿಟಿ (ನೋಟು ಬಾರಿಸಿದ ಬಿರುಸು) ಎಷ್ಟು ಏರಿಳಿಯುತ್ತದೆ. ಹೆಸರು ತೆಗೆದು "ವಿದ್ಯಾರ್ಥಿ 1, 2" ಅಂತ ಹಾಕಿದರೆ ಸಾಕಲ್ಲವೇ? ಕೆಲವರಿಗೆ ಇನ್ನೂ 17 ವರ್ಷ. ಆಮೇಲೆ ಫೈಲುಗಳನ್ನು ಡೇಟಾಸೆಟ್ ಆಗಿ ಗಿಟ್‌ಹಬ್‌ಗೆ ಹಾಕುವ ಯೋಚನೆಯೂ ಇದೆ.

ಫೇಡರ್_ಕೆಳಗೆ
ಹೆಸರು ಫೋಲ್ಡರಿನ ಮೇಲಷ್ಟೇ ಇರುತ್ತದೆ ಅಂದುಕೊಂಡಿದ್ದೀರಿ. ಲೈವ್ ಪ್ರಾಜೆಕ್ಟನ್ನು ಸೇವ್ ಮಾಡುವ ಎಎಲ್‌ಎಸ್ ಫೈಲ್ ಅಂದರೆ ಜಿಜಿಪ್‌ನಲ್ಲಿ ಕುಗ್ಗಿಸಿಟ್ಟ ಎಕ್ಸ್‌ಎಮ್‌ಎಲ್, ಅಂದರೆ ಓದಬಹುದಾದ ಪಠ್ಯ. ಬಿಚ್ಚಿ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು "ಪಾತ್" ಅಂತ ಹುಡುಕಿ. ಪ್ರತಿ ಸ್ಯಾಂಪಲ್‌ಗೂ (ಬಳಸಿದ ಧ್ವನಿ ತುಣುಕು) ಪೂರ್ತಿ ವಿಳಾಸ ಸಿಗುತ್ತದೆ: ಯೂಸರ್ಸ್, ಅದರ ಕೆಳಗೆ ಕಂಪ್ಯೂಟರಿನ ಲಾಗಿನ್ ಹೆಸರು, ಡೌನ್‌ಲೋಡ್ಸ್, ಆಮೇಲೆ ಯಾರ್ಯಾರದೋ ಹೆಸರಿನ ಫೋಲ್ಡರುಗಳು. ಟ್ರ್ಯಾಕಿಗೂ ಕ್ಲಿಪ್ಪಿಗೂ ಇರುವ ಟಿಪ್ಪಣಿಯ ಜಾಗದಲ್ಲಿ ಫೋನ್ ನಂಬರ್ ಬರೆದಿಟ್ಟವರೂ ಇರುತ್ತಾರೆ. ಪ್ಲಗಿನ್‌ನ (ಹೊರಗಿನಿಂದ ಸೇರಿಸಿಕೊಂಡ ವಾದ್ಯ ಅಥವಾ ಎಫೆಕ್ಟ್ ಸಾಫ್ಟ್‌ವೇರ್) ಸೆಟ್ಟಿಂಗೆಲ್ಲ ಹೆಕ್ಸ್ ಅಂಕೆಗಳ ಉದ್ದದ ಬಫರ್ ಆಗಿ ಕೂತಿರುತ್ತದೆ. ಅದರೊಳಗೆ ಏನಿದೆ ಅಂತ ಆ ಪ್ಲಗಿನ್ ಮಾಡಿದವರಿಗೇ ಗೊತ್ತು, ಅದನ್ನು ಬಿಡಿಸಲು ಹೋಗಬೇಡಿ.

ಇನ್ನೂ ದೊಡ್ಡ ತೊಂದರೆ ಬ್ಯಾಕಪ್ ಫೋಲ್ಡರಿನದು. ಲೈವ್ ತಾನಾಗಿಯೇ ಹಿಂದಿನ 10 ಆವೃತ್ತಿಗಳನ್ನು ದಿನಾಂಕ, ವೇಳೆ ಸಹಿತ ಅಲ್ಲಿ ಇಟ್ಟಿರುತ್ತದೆ. ಬೇಡವೆಂದು ಅಳಿಸಿದ ಪ್ರಯತ್ನಗಳು, ರಾತ್ರಿ ಎಷ್ಟು ಗಂಟೆಗೆ ಸೇವ್ ಮಾಡಿದರು, ಎಲ್ಲ ನಿಮ್ಮ ಕೈಗೆ ಬಂದಿದೆ. ಅದನ್ನು ಕೊಡುತ್ತಿದ್ದೇವೆ ಅಂತ ಬಹುಪಾಲು ವಿದ್ಯಾರ್ಥಿಗಳಿಗೆ ಗೊತ್ತೇ ಇರುವುದಿಲ್ಲ.

ಹೆಸರನ್ನು ಹ್ಯಾಶ್ ಮಾಡಿದರೂ (ಸೂತ್ರ ಹಾಕಿ ಅಂಕೆ-ಅಕ್ಷರಗಳ ಸಾಲಾಗಿ ಬದಲಿಸಿದರೂ) ಉಪಯೋಗವಿಲ್ಲ. ಹಾಜರಿ ಪಟ್ಟಿಯ 34 ಹೆಸರನ್ನೂ ಹ್ಯಾಶ್ ಮಾಡಿ ಹೋಲಿಸಿದರೆ ಗುಟ್ಟು ರಟ್ಟು. ಪ್ಲಗಿನ್ ಪಟ್ಟಿಯೂ ಹಾಗೆಯೇ: ತರಗತಿಯಲ್ಲಿ ಒಬ್ಬರೇ ಬಳಸುವ ಸಿಂಥ್ ಇದ್ದರೆ ಅದೇ ಅವರ ಗುರುತು.

ಕರಾರುಪತ್ರ
ಮೇಷ್ಟ್ರು ಹೂಂ ಅಂದದ್ದು ಒಪ್ಪಿಗೆ ಆಗುವುದಿಲ್ಲ. ಟ್ಯೂನ್ ವಿದ್ಯಾರ್ಥಿಯದು, ಫೈಲ್ ಕೊಟ್ಟದ್ದು ಮೌಲ್ಯಮಾಪನಕ್ಕೆ. ಬೇರೆ ಕೆಲಸಕ್ಕೆ ಬೇಕಿದ್ದರೆ ಬೇರೆಯಾಗಿಯೇ ಕೇಳಬೇಕು. ಕೇಳುವವರು ಅಂಕ ಹಾಕುವವರಾಗಿರಬಾರದು, ಫಲಿತಾಂಶ ಬಂದ ಮೇಲೆ ಕೇಳುವುದು ಒಳ್ಳೆಯದು. ಯಾರು ಒಪ್ಪಿದರು, ಯಾರು ಒಲ್ಲೆ ಅಂದರು ಅನ್ನುವುದು ಮೇಷ್ಟ್ರಿಗೆ ತಿಳಿಯಲೇಬಾರದು.

ಕಾನೂನು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಸಂಶೋಧನೆಗೆ ವಿನಾಯಿತಿ ಇದೆ, ಆದರೆ ಅದಕ್ಕೆ ನಿಗದಿತ ಮಾನದಂಡ ಪಾಲಿಸಬೇಕು, ಆ ಡೇಟಾ ನೋಡಿ ಯಾವುದೇ ಒಬ್ಬ ವ್ಯಕ್ತಿಯ ವಿಷಯದಲ್ಲಿ ತೀರ್ಮಾನ ಮಾಡಬಾರದು. 18 ತುಂಬದವರು ಈ ಕಾಯ್ದೆಯಲ್ಲಿ ಮಕ್ಕಳೇ, ತಂದೆತಾಯಿಯ ಒಪ್ಪಿಗೆ ಬೇಕು. ಆ ತಾಪತ್ರಯ ಬೇಡವೆಂದರೆ 17ರವರ ಫೈಲನ್ನು ಕೈಬಿಡಿ. ಒಪ್ಪಿಗೆ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು ಅನ್ನುತ್ತದೆ ಕಾಯ್ದೆ. ಕನ್ನಡದಲ್ಲೇ ಒಂದು ಪುಟ ಬರೆದುಕೊಡಿ.

ಗಿಟ್‌ಹಬ್ ಮಾತು ಬಿಟ್ಟುಬಿಡಿ. ನೋಟುಗಳ ಸಾಲನ್ನು ಹಾಕಿದರೆ ಟ್ಯೂನನ್ನೇ ಪ್ರಕಟಿಸಿದ ಹಾಗೆ. ಸ್ಯಾಂಪಲ್ ಪ್ಯಾಕ್‌ಗಳ ಪರವಾನಗಿಯೂ ಸಾಮಾನ್ಯವಾಗಿ ಹಾಡಿನಲ್ಲಿ ಬಳಸಲು ಮಾತ್ರ, ಬಿಡಿಬಿಡಿಯಾಗಿ ಹಂಚಲು ಅಲ್ಲ.

ತಂಬೂರಿ_ಶ್ರುತಿ
ಒಂದು ಪ್ರಶ್ನೆ ಉಳಿಯಿತು. ಪಾತ್ ನೋಡಿದರೆ ಕ್ರ್ಯಾಕ್ ಮಾಡಿದ (ಹಣ ಕೊಡದೆ ಕದ್ದು ಬಳಸುವ) ಪ್ಲಗಿನ್ ಯಾರ ಹತ್ತಿರ ಇದೆ ಅನ್ನುವುದೂ ಎಷ್ಟೋ ಸಲ ಗೊತ್ತಾಗುತ್ತದೆ. ಕಂಡೂ ಕಾಣದ ಹಾಗೆ ಇರುವುದು ಸರಿಯೇ? ಕಾಲೇಜಿಗೆ ತಿಳಿಸಬೇಕು ಅನ್ನಿಸುತ್ತದೆ.

ಫೇಡರ್_ಕೆಳಗೆ
ನಾನು ಒಪ್ಪುವುದಿಲ್ಲ. ಕ್ವಾಂಟೈಸ್ ನೋಡುತ್ತೇವೆ ಅಂತ ಫೈಲ್ ಇಸಿದುಕೊಂಡು ಪ್ಲಗಿನ್ ತನಿಖೆ ಮಾಡಿದರೆ ಮುಂದಿನ ಬ್ಯಾಚಿನವರು ಯಾರಿಗೂ ಏನೂ ಕೊಡುವುದಿಲ್ಲ. ಫೋಲ್ಡರಿನ ಹೆಸರು ಸಾಕ್ಷಿಯೂ ಅಲ್ಲ. ಫೈಲ್ ಗೆಳೆಯನ ಕಂಪ್ಯೂಟರಿನಲ್ಲಿ ಸೇವ್ ಆಗಿದ್ದಿರಬಹುದು. ಕಾಣದ ಹಾಗೆ ಮಾಡಿಕೊಳ್ಳುವುದೇ ಸರಿಯಾದ ದಾರಿ: ಪಾತ್ ಓದುವ ಮೊದಲೇ ಉದುರಿಹೋಗಬೇಕು.

ಲಯಲೆಕ್ಕ
ಸರಿ, ಡ್ರೈವ್‌ನದು ಅಳಿಸುತ್ತೇನೆ. ಹೊಸದಾಗಿ ಕೇಳುವುದಾದರೆ ಕ್ರಮ ಹೇಗಿರಲಿ?

ಮಂದ್ರ_ಮಿಡಿ
ಫೈಲ್ ಕೇಳಲೇಬೇಡಿ. ಸಣ್ಣ ಪೈಥಾನ್ ಸ್ಕ್ರಿಪ್ಟ್ ಕೊಡಿ, ಅವರ ಕಂಪ್ಯೂಟರಿನಲ್ಲೇ ಓಡಲಿ. ಜಿಜಿಪ್ ಬಿಚ್ಚುವ, ಎಕ್ಸ್‌ಎಮ್‌ಎಲ್ ಓದುವ ಮಾಡ್ಯೂಲುಗಳು ಪೈಥಾನ್ ಜೊತೆಗೇ ಬರುತ್ತವೆ. ಬೇಡದ್ದನ್ನು ಅಳಿಸುವ ಕ್ರಮ ಇಟ್ಟುಕೊಳ್ಳಬೇಡಿ, ಹೊಸ ಆವೃತ್ತಿಯಲ್ಲಿ ಹೊಸ ಜಾಗದಲ್ಲಿ ಹೆಸರು ನುಸುಳಿಬಿಡುತ್ತದೆ. ಬೇಕಾದ್ದನ್ನಷ್ಟೇ ಹೆಕ್ಕಿಕೊಳ್ಳಿ: ನೋಟು ಬೀಟಿನ ಗ್ರಿಡ್‌ನಿಂದ ಎಷ್ಟು ಸರಿದಿದೆ, ಅದರ ವೆಲಾಸಿಟಿ. ಸ್ವರ, ಟ್ರ್ಯಾಕಿನ ಹೆಸರು, ದಿನಾಂಕ ಯಾವುದೂ ಬೇಡ. ಸಾಲುಗಳನ್ನು ಕಲೆಸಿ ಸಿಎಸ್‌ವಿಗೆ (ಸಾದಾ ಕೋಷ್ಟಕದ ಫೈಲ್) ಬರೆಯಿರಿ, ಆಗ ಟ್ಯೂನನ್ನು ಮತ್ತೆ ಕಟ್ಟಲು ಬರುವುದಿಲ್ಲ. ಆ ಸಿಎಸ್‌ವಿಯನ್ನು ಅವರೇ ಎಕ್ಸೆಲ್‌ನಲ್ಲಿ ತೆರೆದು ನೋಡಿ, ಒಪ್ಪಿದರೆ ಕಳಿಸಲಿ. ಪ್ರತಿಯೊಬ್ಬರಿಗೂ ಯಾದೃಚ್ಛಿಕ ಕೋಡ್ ಕೊಡಿ, ಕೋಡಿನ ಪಟ್ಟಿ ಬೇರೆ ಕಡೆ ಇರಲಿ. ಅದನ್ನು ಯಾವತ್ತು ನಾಶ ಮಾಡುತ್ತೀರಿ, ಅಲ್ಲಿಯವರೆಗೆ ಮಾತ್ರ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಅನ್ನುವುದನ್ನು ಒಪ್ಪಿಗೆ ಪತ್ರದಲ್ಲೇ ಬರೆಯಿರಿ. ಗುಂಪು ಮಾಡಿ ತೋರಿಸುವಾಗ 5 ಜನಕ್ಕಿಂತ ಕಡಿಮೆಯ ಗುಂಪನ್ನು ಪಕ್ಕದ್ದಕ್ಕೆ ಸೇರಿಸಿ.

ಲೆಕ್ಕ ಎಲ್ಲಿ ಎಡವುತ್ತದೆ ಅಂದರೆ, ಲೈವ್‌ನಲ್ಲಿ ಗ್ರೂವ್ (ಲಯವನ್ನು ತುಸು ಸರಿಸುವ ನಮೂನೆ) ಹಚ್ಚಿ ಕಮಿಟ್ ಮಾಡದೆ (ನೋಟುಗಳಿಗೇ ಬರೆಸದೆ) ಬಿಟ್ಟಿದ್ದರೆ ಕಿವಿಗೆ ಸ್ವಿಂಗ್ (ಲಯದ ತೂಗಾಟ) ಕೇಳುತ್ತದೆ, ಫೈಲಿನಲ್ಲಿ ಮಾತ್ರ ನೋಟು ಗ್ರಿಡ್ ಮೇಲೇ ಕೂತಿರುತ್ತದೆ. ಪಾಪ, ಹಾಗೆ ಬಿಟ್ಟ ಹುಡುಗಿ "ಎಲ್ಲ ಕ್ವಾಂಟೈಸ್ ಮಾಡಿದವಳು" ಅಂತ ನಿಮ್ಮ ಕೋಷ್ಟಕ ಸೇರುತ್ತಾಳೆ. ಮೌಸಿನಲ್ಲಿ ಬರೆದ ನೋಟಿನ ವೆಲಾಸಿಟಿ ತಾನಾಗಿ 100 ಇರುತ್ತದೆ. ಲೈವ್ 11ರಿಂದ ಈಚೆಗೆ ಪ್ರತಿ ನೋಟಿಗೂ ವೆಲಾಸಿಟಿ ಏರಿಳಿತದ ವ್ಯಾಪ್ತಿ ಬೇರೆ ಕೊಡಬಹುದು, ಆ ಗುಣಲಕ್ಷಣವನ್ನೂ ಓದದಿದ್ದರೆ 100 ಅನ್ನುವುದು ಸುಳ್ಳು. ಪ್ಯಾಕಿನಿಂದ ಎಳೆದು ತಂದ ಮಿಡಿ ಕ್ಲಿಪ್ (ಧ್ವನಿಯಲ್ಲ, ನೋಟುಗಳ ದಾಖಲೆ) ವಿದ್ಯಾರ್ಥಿ ನುಡಿಸಿದ್ದಲ್ಲ, ಫ್ಲ್ಯಾಟನ್ ಮಾಡಿದ (ಧ್ವನಿಯಾಗಿ ಬದಲಿಸಿದ) ಟ್ರ್ಯಾಕಿನಲ್ಲಿ ಮಿಡಿಯೇ ಉಳಿದಿರುವುದಿಲ್ಲ, ಸೆಷನ್ ವ್ಯೂನಲ್ಲಿ (ತುಣುಕುಗಳನ್ನು ಪ್ರಯೋಗಿಸಿ ನೋಡುವ ಪರದೆ) ಬಿದ್ದಿರುವ ಕ್ಲಿಪ್ಪುಗಳು ಹಾಡಿನಲ್ಲಿ ಕೇಳಿಸದೆಯೂ ಇರಬಹುದು. ಅರೇಂಜ್‌ಮೆಂಟಿನ (ಹಾಡನ್ನು ಮೊದಲಿಂದ ಕೊನೆಯವರೆಗೆ ಜೋಡಿಸುವ ಪರದೆ) ಕ್ಲಿಪ್ಪುಗಳನ್ನಷ್ಟೇ ತೆಗೆದುಕೊಳ್ಳಿ. "ಇದು ನೀವೇ ನುಡಿಸಿದ್ದೇ, ಬರೆದದ್ದೇ, ಪ್ಯಾಕಿನದೇ?" ಅನ್ನುವುದನ್ನು ಸ್ಕ್ರಿಪ್ಟ್ ಓಡುವಾಗಲೇ ಪ್ರತಿ ಕ್ಲಿಪ್‌ಗೂ ಕೇಳಿ, ಉತ್ತರ ಸಿಎಸ್‌ವಿಯ ಇನ್ನೊಂದು ಕಾಲಂಗೆ ಹೋಗಲಿ.