ಹಳೇ ಓಮ್ನಿ, ಎಂಟು ಜನ, ಮಂಡ್ಯ–ಮೈಸೂರು ರಸ್ತೆ: ಗುದ್ದಿದರೆ ಏನು ಉಳಿಯುತ್ತೆ?

ಕೆಎ11_ಗೌಡ್ರು:
2010ರ ಓಮ್ನಿ, 8 ಸೀಟರ್, ಮಧ್ಯದ ಸೀಟು ಹಿಮ್ಮುಖ. ಪೆಟ್ರೋಲ್ ಮಾತ್ರ, ಗ್ಯಾಸ್ ಕಿಟ್ ಇಲ್ಲ. 15 ವರ್ಷ ಮುಗಿದು ಎಫ್‌ಸಿ ಆಗಿ ಆರ್‌ಸಿ ಇನ್ನೈದು ವರ್ಷಕ್ಕೆ ರಿನ್ಯೂ ಆಗಿದೆ. ಇಂಜಿನ್ ಚೆನ್ನಾಗಿದೆ. ಮನೆಮಂದಿಯೆಲ್ಲ ಮೇಲುಕೋಟೆ, ನಂಜನಗೂಡು ಅಂತ ಇದರಲ್ಲೇ ಓಡಾಟ. ಹೊರಗಿನ ಗ್ಯಾರೇಜಿನಲ್ಲಿ ಏರ್‌ಬ್ಯಾಗ್ ಹಾಕಿಸಬಹುದಾ? ಮುಂದಕ್ಕೆ ದಪ್ಪ ಪೈಪಿನ ಗಾರ್ಡ್ ಹಾಕಿಸಿದರೆ ಹೇಗೆ? ಹಿಂದಿನ ಸೀಟಿಗೆ ಬೆಲ್ಟ್ ಕೂರಿಸೋದು ಸಾಧ್ಯನಾ?

ಟಿಂಕರಿಂಗ್_ಮೈಸೂರು:
ಏರ್‌ಬ್ಯಾಗ್ ಆಗಲ್ಲ ಸರ್. ಯಾರಾದರೂ ಹಾಕಿಕೊಡ್ತೀನಿ ಅಂದರೆ ದುಡ್ಡು ಕೊಡಬೇಡಿ. ಯಾವ ಹೊಡೆತಕ್ಕೆ, ಎಷ್ಟು ಮಿಲಿಸೆಕೆಂಡಿನಲ್ಲಿ ಸಿಡಿಯಬೇಕು ಅನ್ನೋದನ್ನ ಸೆನ್ಸರು, ಇಸಿಯು (ಗಾಡಿಯೊಳಗಿನ ಕಂಪ್ಯೂಟರ್) ಸೇರಿ ತೀರ್ಮಾನಿಸುತ್ತವೆ. ಅವನ್ನ ಆಯಾ ಗಾಡಿಯನ್ನೇ ಗುದ್ದಿಸಿ ನೋಡಿ ಹೊಂದಿಸಿರ್ತಾರೆ. ಬೇರೆ ಗಾಡಿಯದು ತಂದು ಕೂರಿಸಿದರೆ ತಲೆ ಸ್ಟೀರಿಂಗಿಗೆ ಬಡಿದ ಮೇಲೆ ಸಿಡಿಯುತ್ತೆ, ಇಲ್ಲಾ ಹಳ್ಳಕ್ಕಿಳಿದಾಗ ಸಿಡಿಯುತ್ತೆ.

ಅಸಲು ತೊಂದರೆ ಗಾಡಿಯ ಆಕಾರದ್ದೇ. ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ, ಡ್ರೈವರ್ ಕಾಲು ಇರೋದು ಮುಂದಿನ ಚಕ್ರಕ್ಕಿಂತಲೂ ಮುಂದೆ. ಕಾರಲ್ಲಾದರೆ ಬಾನೆಟ್ ಜಾಗ ಮಡಚಿಕೊಂಡು ಹೊಡೆತ ತಿನ್ನುತ್ತೆ. ಇಲ್ಲಿ ತಗಡು, ಹೆಡ್‌ಲೈಟು, ಆಮೇಲೆ ನೇರ ಮೊಣಕಾಲು. ಚೂರು ಮೂತಿಯಾದರೂ ಇರೋ ಮಾರುತಿ ಈಕೋ ವ್ಯಾನನ್ನ, ಏರ್‌ಬ್ಯಾಗ್ ಇಲ್ಲದ ಮಾದರಿಯಲ್ಲಿ, 2016ರಲ್ಲಿ ಗ್ಲೋಬಲ್ ಎನ್‌ಸಿಎಪಿ (ಗಾಡಿ ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡೋ ಸಂಸ್ಥೆ) ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿದಾಗ ದೊಡ್ಡವರ ರಕ್ಷಣೆಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ಹಳೇ ಮಾದರಿಗಳಿಗೂ 56 ಕಿ.ಮೀ. ಗುದ್ದು ಪರೀಕ್ಷೆ ಕಡ್ಡಾಯ ಆಗಿದ್ದು 2019ರ ಅಕ್ಟೋಬರಿಂದ. ಓಮ್ನಿ ನಿಂತಿದ್ದೂ ಅದೇ ವರ್ಷ.

ಗಾರ್ಡ್ ಬೇಡವೇ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಇಲಾಖೆ ಅದನ್ನ ನಿಷೇಧಿಸಿದೆ. ನಡೆದು ಹೋಗೋರಿಗೆ ತಗುಲಿದರೆ ಮೂಳೆ ಪುಡಿ. ಒಳಗಿರೋರಿಗೂ ಲಾಭ ಇಲ್ಲ, ಅಗಲವಾಗಿ ಹಂಚಬೇಕಾದ ಹೊಡೆತವನ್ನ ಎರಡು ಬ್ರಾಕೆಟ್ಟಿನ ಮೂಲಕ ತಂದು ಫ್ಲೋರಿಗೆ ತಿವಿಯುತ್ತೆ.

ಆ ದುಡ್ಡನ್ನ ತುಕ್ಕಿಗೆ ಹಾಕಿ. ರಬ್ಬರ್ ಮ್ಯಾಟು, ಅದರಡಿಯ ಫೆಲ್ಟು ಪೂರ್ತಿ ಎತ್ತಿಸಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ: ಪೆಡಲ್ ಕೆಳಗಿನ ಫ್ಲೋರು, ಜಾಕ್ ಕೊಡೋ ಜಾಗ, ಸ್ಲೈಡಿಂಗ್ ಡೋರಿನ ಕೆಳಗಿನ ರೈಲು, ಹಿಂದಿನ ಕಮಾನುಪಟ್ಟಿ ಹಿಡಿದಿರೋ ಬ್ರಾಕೆಟ್ಟು. ತುದಿ ಒಳಗೆ ಇಳಿದರೆ ಅಲ್ಲಿ ಕಬ್ಬಿಣ ಇಲ್ಲ, ಬರೀ ಪೇಂಟು. ಅಯಸ್ಕಾಂತ ಅಂಟದ ಕಡೆ ಪುಟ್ಟಿ ಮೆತ್ತಿದ್ದಾರೆ ಅಂತರ್ಥ. ಕೊಳೆತಿದ್ದನ್ನ ಪೂರ್ತಿ ಕತ್ತರಿಸಿ ತೆಗೆದು ಹೊಸ ಶೀಟ್ ಹಾಕಿ ಸಿಓ2 ವೆಲ್ಡಿಂಗ್ ಮಾಡಿಸಿ. ಮೇಲೆ ತೇಪೆ ಹಾಕಿ ಗ್ಯಾಸ್ ವೆಲ್ಡಿಂಗ್ ಮಾಡಿದರೆ ಸುತ್ತಲಿನ ತಗಡು ಸುಟ್ಟು ಅಲ್ಲೇ ಮತ್ತೆ ಹರಿಯುತ್ತೆ. ಕೆಲಸಕ್ಕೆ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿರಬೇಕು, ಟ್ಯಾಂಕಿನ ಹತ್ತಿರವಾದರೆ ಟ್ಯಾಂಕನ್ನೇ ಇಳಿಸಿರಬೇಕು.

ಬೆಲ್ಟ್_ಬೋಲ್ಟ್:
ಹಿಂದಿನ ಬೆಲ್ಟಿನ ವಿಚಾರ. ಮೊದಲು ಟ್ರಿಮ್ (ಒಳಗಿನ ಹೊದಿಕೆ) ಬಿಚ್ಚಿ, ಕಂಪನಿಯೇ ಬಿಟ್ಟಿರೋ ಥ್ರೆಡ್ ಇರೋ ತೂತು ಇದೆಯಾ ನೋಡಿ. ಇದ್ದರೆ ಕೆಲಸ ಅರ್ಧ ಮುಗೀತು. ಸೀಟ್ ಬೆಲ್ಟಿಗೆ ಸಾಮಾನ್ಯವಾಗಿ ಬರೋದು 7/16 ಇಂಚು ದಪ್ಪದ, ಇಂಚಿಗೆ 20 ಥ್ರೆಡ್ಡಿನ ಬೋಲ್ಟು. ಹಾರ್ಡ್‌ವೇರ್ ಅಂಗಡಿಯ 10 ಎಂಎಂ ಬೋಲ್ಟು ಅದೇ ತೂತಿಗೆ ಸಡಿಲವಾಗಿ ಕೂತಂತೆ ಕಾಣುತ್ತೆ, ಎಳೆತಕ್ಕೆ ಕಿತ್ತು ಬರುತ್ತೆ.

ತೂತಿಲ್ಲದ ಕಡೆ ಬರೀ ವಾಷರ್ ಕೊಟ್ಟು ಬಿಗಿದರೆ ಬೆಲ್ಟು ಇದ್ದೂ ಇಲ್ಲದ ಹಾಗೆ. ಮೂರು ಪಾಯಿಂಟ್ ಬೆಲ್ಟಿನ ಆಂಕರ್ (ಬೆಲ್ಟನ್ನ ಗಾಡಿಗೆ ಬಿಗಿಯೋ ಜಾಗ) ಪರೀಕ್ಷೆಯಲ್ಲಿ ಎದೆಪಟ್ಟಿಗೂ ಸೊಂಟದ ಪಟ್ಟಿಗೂ ತಲಾ ಸುಮಾರು 1,350 ಕಿಲೋ ತೂಕದಷ್ಟು ಎಳೀತಾರೆ. ತೆಳ್ಳನೆ ತಗಡು ಕಾಗದದ ಹಾಗೆ ಹರಿದುಬಿಡುತ್ತೆ. 3 ಎಂಎಂ ದಪ್ಪದ, ಕನಿಷ್ಠ 40 ಚದರ ಸೆಂ.ಮೀ. ಪ್ಲೇಟು, ಮೂಲೆ ದುಂಡಗೆ ಉಜ್ಜಿ, ಪಿಲ್ಲರ್ ಅಥವಾ ವೀಲ್ ಆರ್ಚಿನಂಥ ಪೆಟ್ಟಿಗೆ ಆಕಾರದ ಭಾಗಕ್ಕೆ ವೆಲ್ಡ್ ಆಗಬೇಕು. ಎದೆಪಟ್ಟಿಯ ಮೇಲಿನ ಪಾಯಿಂಟ್ ಭುಜದ ಮಟ್ಟಕ್ಕೋ ಮೇಲಕ್ಕೋ ಇರಲಿ. ಕೆಳಗಿದ್ದರೆ ಗುದ್ದಿದಾಗ ಬೆನ್ನುಮೂಳೆಯನ್ನ ಕುಗ್ಗಿಸುತ್ತೆ.

ಗುಜರಿಯ ಬೆಲ್ಟ್ ತರಬೇಡಿ. ಒಂದು ಸಲ ಗುದ್ದು ತಿಂದ ಬೆಲ್ಟಿನಲ್ಲಿ ಬಕಲ್ ನಾಲಿಗೆ ಜಾರೋ ಕಡೆ ಪಟ್ಟಿ ಅಲೆಅಲೆಯಾಗಿ, ಹೊಳಪಾಗಿರುತ್ತೆ. ಅದು ಆಗಲೇ ಹಿಗ್ಗಿದ ಪಟ್ಟಿ.

ಹಿಮ್ಮುಖದ ಸೀಟಲ್ಲಿ ಯಾರನ್ನೂ ಕೂರಿಸಬೇಡಿ, ಮಡಚಿಡಿ. ಹೆಡ್‌ರೆಸ್ಟ್ ಇಲ್ಲ, ಬೆನ್ನು ಗಿಡ್ಡ. 50 ಕಿ.ಮೀ. ವೇಗದ ಗಾಡಿ ಅರ್ಧ ಮೀಟರಿನಲ್ಲಿ ನಿಂತರೆ, ಹಿಂದಿನ ಸೀಟಿನ ಬೆಲ್ಟಿಲ್ಲದ 60 ಕಿಲೋ ಮನುಷ್ಯ ಎದುರು ಕೂತವರ ಮುಖಕ್ಕೆ ಒಂದು ಟನ್ನಿಗಿಂತ ಹೆಚ್ಚಿನ ಒತ್ತಡದಲ್ಲಿ ಬಂದು ಬಡೀತಾನೆ. ಸೀಟನ್ನೇ ಕಿತ್ತು ಬೇರೆ ಥರ ಕೂರಿಸೋದಾದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ಬದಲಾಗಬೇಕು.

ಕೆಎ11_ಗೌಡ್ರು:
ಅರ್ಥ ಆಯ್ತು ಸರ್, ಗಾರ್ಡ್ ಆಸೆ ಬಿಟ್ಟೆ. ಮಾರಿಬಿಟ್ಟು ಹಳೇ ಕ್ವಾಲಿಸ್ ತಗೊಂಡರೆ? ಚಾಸಿ ಗಟ್ಟಿ ಅಂತಾರೆ.

ಟಿಂಕರಿಂಗ್_ಮೈಸೂರು:
ಮೂತಿ ಇದೆ, ಅಷ್ಟರ ಮಟ್ಟಿಗೆ ಮೇಲು. ಚಾಸಿ ನಂಬಿ ಹೋಗಬೇಡಿ. 2016ರಲ್ಲೇ ಲ್ಯಾಡರ್ (ಏಣಿಯಾಕಾರದ) ಚಾಸಿಯ, ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೋಗೂ ಸೊನ್ನೆಯೇ ಬಂದಿದ್ದು. ಕ್ವಾಲಿಸ್ 2005ಕ್ಕೇ ನಿಂತಿದೆ, ಸಿಗೋದೆಲ್ಲ ನಿಮ್ಮ ಓಮ್ನಿಗಿಂತ ಹಳೇದು. ದುಡ್ಡು ಸೇರಿಸೋದಾದರೆ 2019ರ ನಂತರದ, ಏರ್‌ಬ್ಯಾಗು, ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದ ಹಾಗೆ ತಡೆಯೋದು) ಇರೋ ಗಾಡಿಗೇ ಸೇರಿಸಿ.

ರಾತ್ರಿಪಾಳಿ_ಮದ್ದೂರು:
ಅಲ್ಲಿವರೆಗೆ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಹತ್ತಬೇಡಿ. ಅಲ್ಲಿ 100ರ ಮಿತಿ, ನಿಮ್ಮದು 60ರಲ್ಲಿ ಹೋದರೆ ಹಿಂದಿನಿಂದ ಬರೋರಿಗೆ ಅಂದಾಜು ಸಿಗಲ್ಲ. ಸರ್ವಿಸ್ ರಸ್ತೆಯೇ ಸರಿ. ಕಬ್ಬು ಅರೆಯೋ ಸೀಸನ್ನಿನಲ್ಲಿ ಮಾತ್ರ ಅಲ್ಲೂ ಹುಷಾರು. ರಾತ್ರಿ ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ನಿಂತಿರುತ್ತೆ, ಕಬ್ಬಿನ ತುದಿ ಹಿಂದಕ್ಕೆ ಚಾಚಿರುತ್ತೆ. ಟ್ರೇಲರ್ ಹಲಗೆ ಓಮ್ನಿ ಬಂಪರಿಗಿಂತ ಎತ್ತರ. ಗುದ್ದಿದರೆ ಬಂಪರ್ ಅಡಿಗೆ ತೂರಿ ಹಲಗೆ ನೇರ ಗಾಜಿಗೆ ಬರುತ್ತೆ. ಅಲ್ಲಿ ಬೆಲ್ಟೂ ಕೆಲಸಕ್ಕೆ ಬರಲ್ಲ.

ಡಿಮ್ ಲೈಟಲ್ಲಿ ಸುಮಾರು 40 ಮೀಟರ್ ಕಾಣುತ್ತೆ ಅಂತಿಟ್ಟುಕೊಳ್ಳಿ. ಒಣ ರಸ್ತೆ, ಒಳ್ಳೆ ಬ್ರೇಕ್, ಒಂದು ಸೆಕೆಂಡಿಗೆ ಕಾಲು ಬ್ರೇಕ್ ಮೇಲೆ: 60ರಲ್ಲಿ ನಿಲ್ಲೋಕೆ ಸರಿಯಾಗಿ 40 ಮೀಟರ್ ಬೇಕು, 80ರಲ್ಲಿ 60 ದಾಟುತ್ತೆ. ಗಾಡಿ ತುಂಬ ಜನ, ಎಬಿಎಸ್ ಇಲ್ಲ ಅಂದರೆ ರಾತ್ರಿ 50 ದಾಟಬೇಡಿ. ಟೈರಿನ ಪಕ್ಕದ ನಾಲ್ಕಂಕಿ ನೋಡಿ, 1418 ಅಂತಿದ್ದರೆ 2018ರ 14ನೇ ವಾರದ್ದು. ಟೈರಿನ ಟ್ರೆಡ್ (ಮೇಲಿನ ಗೀರು) ಎಷ್ಟೇ ಉಳಿದಿರಲಿ, ಅಷ್ಟು ಹಳೇದನ್ನ ಬದಲಿಸಿ.